ಹಬ್ಬದ ಮುನ್ನಿನ ದಿನಸಿಯ ಆಯವ್ಯಯ: ಬಂದಳಿಕೆಯ ನೆರೆಹೊರೆಯ ದೀವಳಿಗೆಯನ್ನು ಕುರಿತು

ವರ್ಷದ ಉಳಿದ ತಿಂಗಳುಗಳಲ್ಲಿ ಹಿಡಿತದಲ್ಲಿರುವ ಸಂಸಾರದ ಆಯವ್ಯಯವು ದೊಡ್ಡ ಹಬ್ಬದ ತಿಂಗಳಲ್ಲಿ ಕೈಮೀರುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಪಾಶ್ಚಾತ್ಯ ದೇಶಗಳಲ್ಲಿ ಆ ಹಬ್ಬ ಕ್ರಿಸ್ಮಸ್. ನಮ್ಮ ಮಲೆನಾಡಿನ ಅಂಚಿನಲ್ಲಿ ದೀವಳಿಗೆ. ಇದಕ್ಕೆ ದುಂದುಗಾರಿಕೆಯೇ ಕಾರಣವೆಂದು ಹೇಳುವುದೂ ಮಿತವ್ಯಯವನ್ನು ಉಪದೇಶಿಸುವುದೂ ವಾಡಿಕೆ. ಆ ಕಾರಣ ಪೂರ್ಣವಲ್ಲವೆಂದೂ, ಆದುದರಿಂದ ಆ ಉಪದೇಶ ಫಲಿಸುವುದಿಲ್ಲವೆಂದೂ ನಾವು ಭಾವಿಸುತ್ತೇವೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೂಡುವ ಬಂದಳಿಕೆಯ ನೆರೆಹೊರೆಯನ್ನು ನಿದರ್ಶನವಾಗಿ ತೆಗೆದುಕೊಂಡು, ಹಬ್ಬದ ವೆಚ್ಚದ ತೊಡಕು ಮೊತ್ತಕ್ಕಿಂತ ಹೆಚ್ಚಾಗಿ ಕಾಲಕ್ಕೆ ಸಂಬಂಧಿಸಿದ್ದೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಈ ಪ್ರದೇಶದಲ್ಲಿ ಹದಿನೈದು ದಿನಗಳ ಅಂತರದಲ್ಲಿ ಎರಡು ಹಬ್ಬಗಳು ಬರುತ್ತವೆ. ಮೊದಲನೆಯದು ಆಶ್ವಯುಜ ಮಾಸದ ಭೂಮಿ ಹುಣ್ಣಿಮೆ. ತೆನೆ ಕಟ್ಟುತ್ತಿರುವ ಪೈರನ್ನು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಅವಳಿಗೆ ಬಯಕೆಯ ಊಟವನ್ನು ಬಡಿಸುವ ಹಬ್ಬವಿದು. ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆಯನ್ನು ಗದ್ದೆಗೆ ಒಯ್ದು ಚರಗ ಚೆಲ್ಲುತ್ತಾರೆ. ಬಗೆಬಗೆಯ ಸೊಪ್ಪು, ಕುಂಬಳ, ಸೌತೆ, ಕಡುಬು ಮೊದಲಾದ ಈ ಅಡುಗೆಯ ಬಹುಪಾಲು ಹಿತ್ತಲಿನಿಂದಲೂ ಕಣಜದಿಂದಲೂ ಬರುತ್ತದೆ. ಅಂಗಡಿಯಿಂದ ಬರುವುದು ಅತ್ಯಲ್ಪ. ಎರಡನೆಯದಾದ ದೀವಳಿಗೆಯ ಸ್ಥಿತಿ ಇದಕ್ಕೆ ವಿರುದ್ಧ. ಬೂರೆಯ ದಿನದ ಎಣ್ಣೆ, ಹೋಳಿಗೆಯ ಬೇಳೆ ಬೆಲ್ಲ, ಕರಿಯುವ ತಿಂಡಿಯ ಎಣ್ಣೆ, ಸಕ್ಕರೆ, ಮೈದಾ ಇವೆಲ್ಲವೂ ಹಣ ಕೊಟ್ಟು ತರತಕ್ಕ ಪದಾರ್ಥಗಳು. ಎರಡು ಹಬ್ಬಗಳಲ್ಲಿಯೂ ಮನೆಮಂದಿ ತೃಪ್ತಿಯಾಗಿ ಉಣ್ಣುತ್ತಾರೆ. ಒಂದಕ್ಕೆ ಸಾಲವಾಗುವುದಿಲ್ಲ, ಇನ್ನೊಂದಕ್ಕೆ ಆಗುತ್ತದೆ. ಆದುದರಿಂದ ಸಾಲಕ್ಕೆ ಉಣ್ಣುವ ಆಸೆಯನ್ನು ಕಾರಣವೆನ್ನಲಾಗದು.

ಕಾರಣವನ್ನು ಪಂಚಾಂಗದಲ್ಲಿ ಹುಡುಕಬೇಕು. ಕ್ರಿಸ್ಮಸ್ ಸೌರಮಾನದ ಹಬ್ಬವಾದುದರಿಂದ ಡಿಸೆಂಬರ್ 25ನ್ನು ಬಿಟ್ಟು ಕದಲುವುದಿಲ್ಲ. ದೀವಳಿಗೆ ಚಾಂದ್ರಮಾನದ ಹಬ್ಬ. 2023ರಲ್ಲಿ ಬಲಿಪಾಡ್ಯಮಿ ನವೆಂಬರ್ 14ರಂದು ಬಂದಿತು. 2024ರಲ್ಲಿ ನವೆಂಬರ್ 2ರಂದು. 2025ರಲ್ಲಿ ಅಕ್ಟೋಬರ್ 22ರಂದು. ಅಧಿಕ ಶ್ರಾವಣ ಬಂದ 2023ರಲ್ಲಿ ಹಬ್ಬ ತಡವಾಯಿತು. ಅನಂತರದ ಎರಡು ವರ್ಷಗಳಲ್ಲಿ ಒಟ್ಟು 23 ದಿನ ಹಿಂದಕ್ಕೆ ಸರಿಯಿತು. ಬೆಳೆಯಾದರೋ ಮಳೆಯನ್ನು ಅನುಸರಿಸುತ್ತದೆ, ಚಂದ್ರನನ್ನಲ್ಲ. ಮುಂಗಾರಿನ ಭತ್ತದ ಕೊಯ್ಲು ನವೆಂಬರಿನಿಂದ ಮುಂದಕ್ಕೆ ನಡೆಯುವಂಥದು. ಮೆಕ್ಕೆಜೋಳ ಅಕ್ಟೋಬರಿನಲ್ಲಿ ಕಟಾವಿಗೆ ಬಂದರೂ ಒಣಗಿ ಮಾರಾಟವಾಗುವುದಕ್ಕೆ ದಿನಗಳು ಬೇಕು. ಹಬ್ಬ ಬೇಗ ಬಂದ ವರ್ಷ, ವೆಚ್ಚವು ಸುಗ್ಗಿಗಿಂತ ಮುಂದೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ.

ಈ ಅಂತರವನ್ನು ತುಂಬುವುದು ಉದ್ರಿ. ಅಂಗಡಿಯ ಪುಸ್ತಕದಲ್ಲಿ ಬರೆಸಿ ತಂದ ದಿನಸಿಯ ಹಣವನ್ನು ಸುಗ್ಗಿಯಲ್ಲಿ ತೀರಿಸಬೇಕಾಗುತ್ತದೆ. ಉದ್ರಿಯನ್ನು ತಪ್ಪಿಸಲು ಹೊರಟವನು ಹಬ್ಬಕ್ಕೆ ಮೊದಲೇ ಹಸಿಯಾದ ಮೆಕ್ಕೆಜೋಳವನ್ನು ಮಾರುವುದೂ ಉಂಟು. ಕಾಳಿನ ತೇವ ಹೆಚ್ಚಿದ್ದರೆ ಧಾರಣೆ ಇಳಿಯುತ್ತದೆ. ಕೊಯ್ಲಿನ ನೂಕುನುಗ್ಗಲಿನಲ್ಲಿ ಇನ್ನಷ್ಟು ಇಳಿಯುತ್ತದೆ. 2025-26ರ ಸಾಲಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂ. ಎಂದು ಗೊತ್ತಾಗಿದ್ದರೂ, ಆ ಸುಗ್ಗಿಯಲ್ಲಿ ಕರ್ನಾಟಕದ ಮಾರುಕಟ್ಟೆಗಳ ಧಾರಣೆ ಅದಕ್ಕಿಂತ ಬಹಳ ಕೆಳಗಿದ್ದುದು ಓದುಗರಿಗೆ ನೆನಪಿರಬಹುದು. ಹೀಗೆ ಮೂರು ದಿನಗಳ ಹಬ್ಬಕ್ಕಾಗಿ ನಾಲ್ಕು ತಿಂಗಳ ದುಡಿಮೆಯ ಬೆಲೆ ತಗ್ಗುತ್ತದೆ. ನಿಜವಾದ ನಷ್ಟವು ಹೋಳಿಗೆಯಲ್ಲಿಲ್ಲ, ಈ ಅವಸರದ ಮಾರಾಟದಲ್ಲಿದೆ.

ಇದನ್ನು ಅಂಕಿಗಳ ಮೂಲಕ ನೋಡೋಣ. 2023-24ರ ಕೌಟುಂಬಿಕ ಅನುಭೋಗ ವೆಚ್ಚದ ಸಮೀಕ್ಷೆಯ ಪ್ರಕಾರ ಭಾರತದ ಗ್ರಾಮಾಂತರದಲ್ಲಿ ತಲೆಯೊಂದಕ್ಕೆ ತಿಂಗಳ ಸರಾಸರಿ ವೆಚ್ಚ 4,122 ರೂ.; ಅದರಲ್ಲಿ ಆಹಾರದ ಪಾಲು ಶೇಕಡ 47.04. ಆದಾಯ ಹೆಚ್ಚಿದಂತೆ ಆಹಾರದ ಪಾಲು ಇಳಿಯುವುದೆಂದು ಜರ್ಮನಿಯ ಅಂಕಿಅಂಶಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ತೋರಿಸಿದನು. ಹಬ್ಬದ ತಿಂಗಳಲ್ಲಿ ಆ ಪಾಲು ಮತ್ತೆ ಮೇಲೇರುವುದೆಂಬುದನ್ನು ನಾವು ಇದಕ್ಕೆ ಸೇರಿಸಿಕೊಳ್ಳಬಹುದು. ಮೇಲಣ ಸರಾಸರಿಯಂತೆ ಐವರ ಸಂಸಾರಕ್ಕೆ ತಿಂಗಳಿಗೆ ಸುಮಾರು 9,700 ರೂ.ಗಳ ಆಹಾರ, ಅಂದರೆ ವಾರಕ್ಕೆ ಸುಮಾರು 2,240 ರೂ. ಹಬ್ಬದ ಹೆಚ್ಚುವರಿ ದಿನಸಿ ಅರ್ಧ ತಿಂಗಳ ಆಹಾರದಷ್ಟು, ಎಂದರೆ 4,850 ರೂ., ಎಂದು ಕಲ್ಪಿಸಿಕೊಳ್ಳೋಣ. ಇದನ್ನು ಕೊನೆಯ ನಾಲ್ಕು ವಾರಗಳಲ್ಲಿ ಒದಗಿಸಹೊರಟರೆ ವಾರಕ್ಕೆ 1,212 ರೂ. ಬೇಕು, ವಾರದ ಆಹಾರದ ಅರ್ಧಕ್ಕಿಂತಲೂ ಹೆಚ್ಚು. ಯಾವ ಮಿತವ್ಯಯಿಯೂ ಇದನ್ನು ಊಟದಲ್ಲಿ ಉಳಿಸಲಾರನು. 2025ರಲ್ಲಿ ಯುಗಾದಿಯಿಂದ ದೀವಳಿಗೆಯವರೆಗೆ 29 ವಾರಗಳಿದ್ದವು. ಅದೇ ಮೊತ್ತವನ್ನು ಅಷ್ಟು ವಾರಗಳಿಗೆ ಹಂಚಿದರೆ ವಾರಕ್ಕೆ 167 ರೂ. ಸಾಕಾಗುತ್ತದೆ. ಉದ್ರಿ ಮಾಡಿ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಮೂರು ತಿಂಗಳ ಬಡ್ಡಿ ತೆತ್ತರೆ 291 ರೂ. ಹೆಚ್ಚು ಕೊಟ್ಟಂತಾಗುತ್ತದೆ. ಕೊಳ್ಳುವ ಸಾಮಾನು ಮೂರು ಸಂದರ್ಭಗಳಲ್ಲಿಯೂ ಒಂದೇ.

ಬೆಲೆಯ ಏರಿಳಿತ ಇನ್ನೊಂದು ತೊಡಕು. ನಮ್ಮ ದೇಶ ತನ್ನ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಎಣ್ಣೆಗಳ ಮೇಲಿನ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇಕಡ 20ಕ್ಕೆ ಏರಿಸಲಾಯಿತು. 2025ರ ಮೇ ಕೊನೆಯಲ್ಲಿ ಶೇಕಡ 10ಕ್ಕೆ ಇಳಿಸಲಾಯಿತು. ಎಣ್ಣೆಕಾಳು ಬೆಳೆಯುವ ರೈತನ ಹಿತಕ್ಕಾಗಿ ಏರಿಸಿದ ಸುಂಕವು, ಹಬ್ಬಕ್ಕೆ ಏಳು ವಾರಗಳಿದ್ದಾಗ ಎಣ್ಣೆ ಕೊಳ್ಳುವ ರೈತನ ಬಾಣಲೆಯನ್ನು ಮುಟ್ಟಿತು. ಕೊಬ್ಬರಿಯದೂ ಇದೇ ಕಥೆ. ಈ ಸೀಮೆಯಲ್ಲಿ ಕೊಬ್ಬರಿ ಅಡುಗೆಗೆ ಮಾತ್ರ ಬೇಕಾದುದಲ್ಲ. ಹೋರಿ ಬೆದರಿಸುವ ಹಬ್ಬದಲ್ಲಿ ಹೋರಿಯ ಕೊರಳಿಗೆ ಕೊಬ್ಬರಿಯ ಸರಗಳನ್ನು ಕಟ್ಟುತ್ತಾರೆ. ಓಡುವ ಹೋರಿಯಿಂದ ಅವನ್ನು ಹರಿದುಕೊಳ್ಳುವುದೇ ಯುವಕರ ಸಾಹಸ. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂ. ಇದ್ದರೆ, ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಅದರ ಎರಡರಷ್ಟನ್ನೂ ಮೀರಿತು. ಅಡುಗೆಮನೆಯ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಬರೆದರೂ ಕೊಟ್ಟಿಗೆಯ ಪಟ್ಟಿ ಅದಕ್ಕೆ ಸೇರದಿದ್ದರೆ ಲೆಕ್ಕ ನಿಲ್ಲುವುದಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ, ಗೃಹಿಣಿ ಯಜಮಾನರಿಬ್ಬರೂ ಕುಳಿತು ಬರೆಯುವುದು ಆವಶ್ಯಕ.

ಪರಿಹಾರದ ತತ್ತ್ವ ಈ ನೆಲಕ್ಕೆ ಹೊಸದಲ್ಲ. ಬಂದಳಿಕೆ ನಾಗರಖಂಡ ಎಪ್ಪತ್ತರ ಹಳೆಯ ಕೇಂದ್ರ. ಹತ್ತನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಪತಿಯಾದ ಸತ್ತರಸ ನಾಗಾರ್ಜುನನ ಮರಣಾನಂತರ ಜಕ್ಕಿಯಬ್ಬೆಯು ನಾಳ್ಗಾವುಂಡ ಪದವಿಯನ್ನು ವಹಿಸಿ ಈ ನಾಡನ್ನು ಆಳಿದುದನ್ನು ಇಲ್ಲಿಯ ಶಾಸನ ತಿಳಿಸುತ್ತದೆ. ಎಪ್ಪತ್ತು ಹಳ್ಳಿಗಳ ಆಡಳಿತವನ್ನು ನಿರ್ವಹಿಸಿದ ಹೆಂಗಸಿನ ನಾಡಿನಲ್ಲಿ ಸಂಸಾರದ ಲೆಕ್ಕವನ್ನು ಹೆಂಗಸಿಗೆ ಬಿಡಲು ಹಿಂಜರಿಯಬೇಕಾಗಿಲ್ಲ. ಅಂದಿನ ದಾನಶಾಸನಗಳ ಒಂದು ಪದ್ಧತಿಯೂ ಗಮನಾರ್ಹವಾದುದು. ದಾನಿಯು ಭೂಮಿಯನ್ನು ಬಿಡುವಾಗ, ಅದರ ಉತ್ಪನ್ನ ದೇವರ ಅರ್ಚನೆಗೋ, ಆಹಾರದಾನಕ್ಕೋ, ಜೀರ್ಣೋದ್ಧಾರಕ್ಕೋ ಎಂಬುದನ್ನು ಕಲ್ಲಿನಲ್ಲಿಯೇ ಬರೆಸುತ್ತಿದ್ದನು. ವೆಚ್ಚದ ದಿನ ಬರುವುದಕ್ಕೆ ಮೊದಲೇ ಅದರ ಹೆಸರಿನಲ್ಲಿ ಆದಾಯವನ್ನು ಬೇರ್ಪಡಿಸಿಡುವ ಕ್ರಮವಿದು.

ಇದೇ ಕ್ರಮವನ್ನು 1909ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಕಾರ್ಲೈಲ್ ಪಟ್ಟಣದ ಬ್ಯಾಂಕೊಂದು ‘ಕ್ರಿಸ್ಮಸ್ ಕ್ಲಬ್’ ಎಂಬ ಹೆಸರಿನಿಂದ ಆರಂಭಿಸಿತು. ಸದಸ್ಯರು ವಾರವಾರವೂ ಸಣ್ಣ ಮೊತ್ತ ಕಟ್ಟಿ ಹಬ್ಬದ ಮುಂದೆ ಒಟ್ಟಿಗೆ ಪಡೆಯುತ್ತಿದ್ದರು. ನಮ್ಮ ಪಟ್ಟಣಗಳ ಹಬ್ಬದ ಚೀಟಿಯೂ ಇದೇ ಬಗೆಯದು. ಕೊನೆಯಲ್ಲಿ ಎಣ್ಣೆ, ಬೇಳೆ, ಸಕ್ಕರೆಗಳ ಗಂಟನ್ನೇ ಕೊಡುವ ಚೀಟಿಗಳೂ ಉಂಟು. ಆದರೆ ಇಲ್ಲಿ ಎಚ್ಚರ ಬೇಕು. ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಬುಟ್ಟಿಗಳಿಗಾಗಿ ವರ್ಷವಿಡೀ ಹಣ ಕಟ್ಟಿಸಿಕೊಳ್ಳುತ್ತಿದ್ದ ಫೇರ್‌ಪ್ಯಾಕ್ ಸಂಸ್ಥೆ 2006ರ ಅಕ್ಟೋಬರಿನಲ್ಲಿ ಮುಳುಗಿ, ಸಾವಿರಾರು ಬಡ ಸಂಸಾರಗಳ ಉಳಿತಾಯ ಹಬ್ಬದ ಹೊಸ್ತಿಲಲ್ಲಿ ಹೋಯಿತು. ನಮ್ಮಲ್ಲಿ 1982ರ ಚೀಟಿ ನಿಧಿಗಳ ಕಾಯಿದೆಯೂ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆಯೂ ಇವೆ. ನೋಂದಣಿಯಿಲ್ಲದ ಚೀಟಿಗಿಂತ, ವಾರವಾರ ಸಭೆ ಸೇರಿ ಪುಸ್ತಕದಲ್ಲಿ ಉಳಿತಾಯ ಬರೆಯುವ ಸ್ತ್ರೀಶಕ್ತಿ ಸಂಘವೋ ಅಂಚೆಯ ಖಾತೆಯೋ ಲೇಸು.

ಆಚರಣೆಯಲ್ಲಿ ಪಟ್ಟಿಯನ್ನು ಮೂರು ಭಾಗ ಮಾಡಬೇಕೆಂದು ನಾವು ಸೂಚಿಸುತ್ತೇವೆ. ಅಕ್ಕಿ, ತೆಂಗಿನಕಾಯಿ, ತರಕಾರಿ, ಹಾಲು ಮೊದಲಾಗಿ ಮನೆಯಲ್ಲಿ ದೊರೆಯುವುದು ಒಂದು. ಮುಚ್ಚಳ ಒಡೆಯದ ಎಣ್ಣೆಯಂತೆ ಮೊದಲೇ ಕೊಂಡಿಡಬಹುದಾದುದು ಎರಡು. ಕೊನೆಯ ವಾರದಲ್ಲಿಯೇ ಕೊಳ್ಳಬೇಕಾದುದು ಮೂರು. ಮಲೆನಾಡಿನ ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ, ಬೇಳೆಗೆ ಹುಳು ಬೀಳುತ್ತದೆ. ಆದುದರಿಂದ ಇವುಗಳ ಪಾಲನ್ನು ಆಷಾಢದಲ್ಲಿ ಸಾಮಾನಾಗಿ ತುಂಬಿಡದೆ ಹಣವಾಗಿ ಇರಿಸಿ, ಮಳೆ ಹಿಂದಾದ ಮೇಲೆ ಕೊಳ್ಳತಕ್ಕದ್ದು. ಒಂದು ಪದಾರ್ಥದ ಬೆಲೆ ಏರಿದರೆ ಅದರ ಅಳತೆಯನ್ನು ಕಡಮೆಮಾಡಬೇಕೇ ಹೊರತು ಇನ್ನೊಂದು ತಿಂಗಳ ಹಣವನ್ನು ತರಬಾರದು. ಇದಕ್ಕೆಲ್ಲ ಮೊದಲು, ಯುಗಾದಿಯ ದಿನ ಹೊಸ ಪಂಚಾಂಗವನ್ನು ತೆರೆದಾಗ ಬಲಿಪಾಡ್ಯಮಿಯ ತಾರೀಖನ್ನು ನೋಡಿ ವಾರಗಳನ್ನು ಎಣಿಸಿಕೊಳ್ಳಬೇಕು.

ಭೂಮಿ ಹುಣ್ಣಿಮೆಯ ಅಡುಗೆಗೆ ಬೇಕಾದ ಕುಂಬಳದ ಬೀಜವನ್ನು ಗೃಹಿಣಿ ಮಳೆಗಾಲದ ಮೊದಲಲ್ಲಿಯೇ ಹಿತ್ತಲಿನಲ್ಲಿ ಊರಿರುತ್ತಾಳೆ. ಆ ಹಬ್ಬಕ್ಕೆ ಸಾಲವಾಗದಿರುವುದರ ರಹಸ್ಯ ಅಷ್ಟೆ. ದೀವಳಿಗೆಯ ಎಣ್ಣೆ ಬೆಲ್ಲಗಳಿಗೂ ಅದೇ ಕಾಲದಲ್ಲಿ ವಾರಕ್ಕಿಷ್ಟೆಂದು ಹಣವನ್ನು ತೆಗೆದಿಡುವುದು ಅಭ್ಯಾಸವಾದರೆ, ಸುಗ್ಗಿಯ ಕಾಳು ಒಣಗುವವರೆಗೆ ಕಣದಲ್ಲಿ ಉಳಿಯುವುದು ಸಾಧ್ಯವಾಗುತ್ತದೆ.