ಬಾಗಿಲು ಕೆಟ್ಟರೆ ಮನೆ ಬಿತ್ತೇ?

ಸಂಘದ ಕಂಪ್ಯೂಟರಿನಲ್ಲಿ ಉಬುಂಟು ಇದೆ. ರಾತ್ರಿ ಅಪ್‌ಡೇಟ್ ನಡೀತಿತ್ತು. ನಡುವೆ ಕರೆಂಟು ಹೋಯಿತು. ಬೆಳಿಗ್ಗೆ ಹೆಸರು, ಪಾಸ್‌ವರ್ಡ್ ಕೇಳುವ ಪರದೆ ಬರಲಿಲ್ಲ. ಬರೀ ಕಪ್ಪು.

"ಅಯ್ಯೋ, ಸಾಲದ ಲೆಕ್ಕವೆಲ್ಲ ಹೋಯ್ತಾ ಅಕ್ಕಾ?"

"ಇಲ್ಲ ಕಣಮ್ಮ. ಕೆಟ್ಟಿರೋದು ಬಾಗಿಲು. ಲೆಕ್ಕ ಒಳಗೇ ಇರುತ್ತೆ."

ಅಕ್ಕ ಕಂಟ್ರೋಲ್, ಆಲ್ಟ್, ಎಫ್3 ಗುಂಡಿಗಳನ್ನು ಒಟ್ಟಿಗೆ ಒತ್ತಿದರು. ಬರೀ ಅಕ್ಷರಗಳ ಪರದೆ ಬಂತು. ಇದು ಹಿತ್ತಿಲ ಬಾಗಿಲು. ಹೆಸರು, ಪಾಸ್‌ವರ್ಡ್ ಹಾಕಿದರು. ಇಲ್ಲಿ ಪಾಸ್‌ವರ್ಡ್ ಒತ್ತುವಾಗ ಏನೂ ಕಾಣುವುದಿಲ್ಲ. ಹೆದರಬೇಡಿ.

ಆಮೇಲೆ 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಎಂಬ ಆಜ್ಞೆ ಕೊಟ್ಟರು. ಅರ್ಧಕ್ಕೆ ನಿಂತ ಕೆಲಸ ಮುಗಿಯಿತು. ಕಂಪ್ಯೂಟರನ್ನು ಮತ್ತೆ ಶುರು ಮಾಡಿದರು. ಪರದೆ ಬಂತು. ಲೆಕ್ಕವೂ ಇತ್ತು!

ನೆನಪಿಡಿ:
ಅಪ್‌ಡೇಟ್ ನಡೆಯುವಾಗ ಕಂಪ್ಯೂಟರ್ ಆರಿಸಬೇಡಿ.
ಗಾಬರಿಯಲ್ಲಿ ಎಲ್ಲ ಅಳಿಸಿ ಹೊಸದಾಗಿ ಹಾಕಿಸಬೇಡಿ.
ಲೆಕ್ಕದ ಇನ್ನೊಂದು ಪ್ರತಿ ಬೇರೆ ಕಡೆ ಇಡಿ.