ಮೂರು ಹೊತ್ತೋ, ಮೂರು ತಾಸೋ?

ನಮ್ಮೂರು ಹಲಸಂಗಿ. ಈಗ ಅಂಗಳದಲ್ಲಿ ಕುಂಟಾಬಿಲ್ಲೆ ಆಡುವ ನನ್ನ ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಹುಟ್ಟಿದಾಗ ತೂಕ ಬರೀ 1,400 ಗ್ರಾಂ. ಎರಡೂವರೆ ಕಿಲೋಗಿಂತ ಹಗುರಾದರೆ ಕಡಿಮೆ ತೂಕದ ಮಗು ಎನ್ನುತ್ತಾರೆ. ಇವಳು ಅದಕ್ಕಿಂತಲೂ ಬಹಳ ಕಡಿಮೆ. ಆಸ್ಪತ್ರೆಯಲ್ಲಿ ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಮೊದಲ ದಿನ ನರ್ಸ್ ಒಬ್ಬರು, "ಸ್ಯಾಚುರೇಶನ್ ಕಡಿಮೆ ಐತಿ" ಎಂದವರೇ ಮುಂದಿನ ಕೂಸಿನತ್ತ ಓಡಿದರು. ಪಾಪ, ಅವರಿಗೂ ಕೈತುಂಬ ಕೆಲಸ. ಮಾತು ತಿಳಿಯದ ನನ್ನ ಮಗಳು ಕೂಸು ಉಳಿಯುವುದಿಲ್ಲವೆಂದೇ ಅಳತೊಡಗಿದಳು. ಕೇಳಲು ಅಂಜಿಕೆ.

ಸಂಜೆ ಪಾಳಿಗೆ ಬಂದ ಸಿಸ್ಟರ್ ಅವಳ ಪಕ್ಕದಲ್ಲಿ ಕುಳಿತರು.

"ಅಳಬ್ಯಾಡ ತಂಗಿ. ಮಷೀನಿನ ಆ ನಂಬರು ರಕ್ತದಾಗ ಆಕ್ಸಿಜನ್ ಎಷ್ಟೈತಿ ಅಂತ ತೋರಿಸ್ತೈತಿ. ಮುಂಜಾನಿಗಿಂತ ಈಗ ಚಲೋ ಐತಿ. ಈ ನಳಿಗಿ ಹಾಲಿಗೆ. ಚೀಪೂದು, ನುಂಗೂದು, ಉಸಿರಾಡೂದು ಮೂರೂ ಕೂಡೇ ಮಾಡಾಕ ಕೂಸಿಗೆ ಇನ್ನೂ ಬರಂಗಿಲ್ಲ."

ಎದೆಹಾಲು ಹಿಂಡಿ ಕೊಡುವ ರೀತಿಯನ್ನೂ ತಿಳಿಸಿ, "ನಾ ಏನ್ ಹೇಳಿದೆ, ಈಗ ನೀ ಹೇಳು ನೋಡೂಣು" ಎಂದರು.

"ಮೂರು ಹೊತ್ತು ಹಾಲು ತೆಗೀಬೇಕ್ರಿ ಅಕ್ಕಾರ."

"ಮೂರು ಹೊತ್ತಲ್ಲವಾ, ಮೂರು ತಾಸಿಗೊಮ್ಮೆ. ರಾತ್ರೀನೂ."

ಮಕ್ಕಳೇ, ಲೆಕ್ಕ ಹಾಕಿ: ದಿನಕ್ಕೆ ಎಂಟು ಸಲ! ತಿರುಗಿ ಹೇಳಿಸದಿದ್ದರೆ ಐದು ಸಲದ ಹಾಲು ತಪ್ಪುತ್ತಿತ್ತು. ತೆಗೆಯದಿದ್ದರೆ ಹಾಲು ಬತ್ತುತ್ತಲೂ ಇತ್ತು.

ಅಂದಿನಿಂದ ಮಗಳ ಅಂಜಿಕೆ ಹೋಯಿತು. ತಿಳಿಯದ್ದನ್ನು ತಾನೇ ಕೇಳಿದಳು. ಕೆಲವು ದಿನಗಳ ಮೇಲೆ ಸಿಸ್ಟರ್ ಕೂಸನ್ನು ಅವಳ ಬರಿ ಎದೆಗೆ ಆನಿಸಿ, ಮೇಲೆ ಬಟ್ಟೆ ಕಟ್ಟಿದರು. ಇದು ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಶುರುವಾದದ್ದು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬಳಕೆಗೆ ಬಂದಿದೆ. ತಾಯಿಯ ಮೈಯೇ ಕೂಸಿಗೆ ಕಾವು.

"ಹಾಡವಾ. ಹೊಟ್ಟ್ಯಾಗಿದ್ದಾಗಿಂದ ನಿನ್ನ ದನಿ ಇದಕ್ಕ ಗೊತ್ತೈತಿ" ಎಂದರು ಸಿಸ್ಟರ್. ಮಗಳು ಮೆಲ್ಲಗೆ ಜೋಗುಳ ಹಾಡಿದಳು.

ಆಗ ನನಗೆ ನಮ್ಮೂರಿನ ಹಲಸಂಗಿ ಗೆಳೆಯರು ನೆನಪಾದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹಳ್ಳಿಯ ಹೆಣ್ಣುಮಕ್ಕಳ ಹಾಡಿಗೆ ಕಿವಿಗೊಟ್ಟು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಯಿತು. ತಾಯಂದಿರ ಮಾತಿಗೆ ಕಿವಿಗೊಡುವುದು ನಮ್ಮೂರಿಗೆ ಹೊಸದಲ್ಲ. ಆ ಸಿಸ್ಟರ್ ಕೂಡ ಅದನ್ನೇ ಮಾಡಿದರು.

ಅಜ್ಜ-ಅಜ್ಜಿಯರೇ, ಆಸ್ಪತ್ರೆಯಲ್ಲಿ ನಾವೇ ಮುಂದೆ ನಿಂತು ಮಾತಾಡುವುದು ಬೇಡ. ತಾಯಿಗೆ ಕೇಳಲು ಬಿಡೋಣ. ಕೇಳಿದ್ದನ್ನು ಒಮ್ಮೆ ತಿರುಗಿ ಹೇಳಲಿ. ಮೊಮ್ಮಗಳು ಈಗ ಶಾಲೆಯಿಂದ ಬಂದು ಪಾಠ ಒಪ್ಪಿಸುವಾಗಲೆಲ್ಲ ನನಗೆ ಅವಳವ್ವ ಅಂದು ಒಪ್ಪಿಸಿದ ಪಾಠವೇ ನೆನಪು.