ಹುಟ್ಟುಹಬ್ಬದ ಓಲೆ

ಪತ್ರವೆಂಬ ಸಂಸ್ಕೃತ ಶಬ್ದಕ್ಕೆ ಎಲೆಯೆಂಬ ಅರ್ಥವುಂಟು. ಕನ್ನಡದ ಓಲೆಯೂ ತಾಳೆಯ ಗರಿಯೇ. ಗರಿಯ ಮೇಲೆ ಬರೆದ ಮಾತು ದೂರದವರಿಗೆ ಮುಟ್ಟುತ್ತಿದ್ದುದರಿಂದ ಆ ಹೆಸರುಗಳು ಬರಹಕ್ಕೂ ಸಂದವು. ದೂರದಲ್ಲಿರುವವರನ್ನು ಹತ್ತಿರಕ್ಕೆ ತರುವುದೇ ಪತ್ರದ ಧರ್ಮ. ಹಾಗಿರುವಲ್ಲಿ ಒಂದೇ ಮನೆಯಲ್ಲಿ ಉಂಡು ಮಲಗುವ ಮಗುವಿಗೆ ತಂದೆತಾಯಿಗಳು ಪತ್ರ ಬರೆಯುವುದೇತಕ್ಕೆ ಎಂಬ ಪ್ರಶ್ನೆ ಏಳುವುದು ಸಹಜ.

ಕೆಲವು ಶಾಲೆಗಳಲ್ಲಿ ಈ ಪದ್ಧತಿ ಇದೆ. ಮಗುವಿನ ಹುಟ್ಟುಹಬ್ಬದಂದು ತಂದೆತಾಯಿಗಳು ಬರೆದು ಕಳುಹಿಸಿದ ಪತ್ರವನ್ನು ಉಪಾಧ್ಯಾಯರು ತರಗತಿಯಲ್ಲಿ ಓದುತ್ತಾರೆ. ಮಾಂಟೆಸೊರಿ ಪದ್ಧತಿಯ ಅನೇಕ ಶಿಶುವಿಹಾರಗಳಲ್ಲಿ ಇದರ ಒಂದು ಸೊಗಸಾದ ರೂಪವುಂಟು. ನಡುವೆ ಒಂದು ದೀಪವನ್ನಿರಿಸುತ್ತಾರೆ, ಅದೇ ಸೂರ್ಯ. ಮಗು ಕೈಯಲ್ಲಿ ಚಿಕ್ಕ ಭೂಗೋಲವನ್ನು ಹಿಡಿದು, ತನಗೆ ಎಷ್ಟು ವರ್ಷವೋ ಅಷ್ಟು ಸುತ್ತು ಬರುತ್ತದೆ. ಒಂದೊಂದು ಸುತ್ತಿಗೂ ಆ ವರ್ಷ ನಡೆದುದನ್ನು, ಹೆತ್ತವರು ಬರೆದುಕೊಟ್ಟಂತೆ, ಓದಿ ಹೇಳುತ್ತಾರೆ. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮೊದಲ ಶಿಶುಗೃಹವನ್ನು ತೆರೆದ ಮಾರಿಯಾ ಮಾಂಟೆಸೊರಿಯವರು 1939ರಲ್ಲಿ ಮದರಾಸಿನ ಅಡಿಯಾರಿಗೆ ಬಂದು, ಮಹಾಯುದ್ಧದ ಕಾಲವನ್ನೆಲ್ಲ ಭಾರತದಲ್ಲಿಯೇ ಕಳೆದು ಉಪಾಧ್ಯಾಯರಿಗೆ ಶಿಕ್ಷಣವಿತ್ತರು. ಆ ಪದ್ಧತಿ ನಮ್ಮ ನಾಡಿನಲ್ಲಿ ಬೇರೂರಲು ಅದು ಮುಖ್ಯ ಕಾರಣವಾಯಿತು.

ಈಗ ಪ್ರಶ್ನೆಗೆ ಉತ್ತರ ಸುಲಭ. ಮಗು ತಂದೆತಾಯಿಗಳಿಂದ ದೂರವಿಲ್ಲದಿರಬಹುದು. ಆದರೆ ತನ್ನ ಶೈಶವದಿಂದ ಅದು ಬಹುದೂರ ಬಂದುಬಿಟ್ಟಿರುತ್ತದೆ. ತಾನು ಹುಟ್ಟಿದ ಗಳಿಗೆ, ಮೊದಲು ನುಡಿದ ತೊದಲು, ಮೊದಲಿಟ್ಟ ಹೆಜ್ಜೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಪ್ರತಿಯೊಬ್ಬನ ಚರಿತ್ರೆಯ ಮೊದಲ ಅಧ್ಯಾಯ ಅನ್ಯರ ಬಳಿ ಇರುತ್ತದೆ. ಅದನ್ನು ಬಲ್ಲ ಸಾಕ್ಷಿಗಳು ಹೆತ್ತವರು. ಅವರು ಹೇಳದೆ ಹೋದರೆ ಆ ಅಧ್ಯಾಯ ಅವರೊಡನೆಯೇ ಮುಗಿದುಹೋಗುತ್ತದೆ. ಹುಟ್ಟುಹಬ್ಬದ ಪತ್ರ ಆ ಅಧ್ಯಾಯವನ್ನು ಅದರ ಒಡೆಯನಿಗೆ ಹಿಂದಿರುಗಿಸುವ ಕಾರ್ಯ.

ಇಂತಹ ಪತ್ರಗಳಲ್ಲಿ ಲೋಕಪ್ರಸಿದ್ಧವಾದುದು ಜವಾಹರಲಾಲ್ ನೆಹರೂ ಅವರು ಮಗಳು ಇಂದಿರೆಗೆ ಅವಳ ಹದಿಮೂರನೆಯ ಹುಟ್ಟುಹಬ್ಬಕ್ಕೆಂದು ನೈನಿ ಸೆರೆಮನೆಯಿಂದ ಬರೆದ ಓಲೆ. ಅದರ ತೇದಿ 26 ಅಕ್ಟೋಬರ್ 1930. ಇಂದಿರೆ ಹುಟ್ಟಿದುದು 1917ರ ನವೆಂಬರ್ 19. ತಿಥಿಯ ಪ್ರಕಾರ ಆ ವರ್ಷ ಹುಟ್ಟುಹಬ್ಬ ಅಕ್ಟೋಬರಿನಲ್ಲಿಯೇ ಬಂದಿತ್ತು. ಸೆರೆಯಲ್ಲಿರುವವನು ವಸ್ತುರೂಪದ ಉಡುಗೊರೆ ಕಳುಹಿಸಲಾರ. ಮನಸ್ಸಿನ ಉಡುಗೊರೆಯನ್ನು ಗೋಡೆಗಳು ತಡೆಯಲಾರವು ಎಂಬುದು ಅದರ ಭಾವ. ಅಲ್ಲಿಂದ ಮೊದಲಾದ ಪತ್ರಗಳು ಸುಮಾರು ಮೂರು ವರ್ಷಗಳಲ್ಲಿ 196 ಆಗಿ, ಜಗತ್ತಿನ ಇತಿಹಾಸವನ್ನು ಹೇಳುವ ದೊಡ್ಡ ಗ್ರಂಥವಾದವು.

ಆ ಮೊದಲ ಪತ್ರದಲ್ಲಿ ಉಪದೇಶದ ಬಗೆಗೆ ಒಂದು ಎಚ್ಚರಿಕೆಯೂ ಇದೆ. ಚೀನದ ಯಾತ್ರಿಕ ಹ್ಯೂಎನ್‌ತ್ಸಾಂಗ್ ಹೇಳಿದ ಕಥೆಯೊಂದನ್ನು ನೆಹರೂ ಅಲ್ಲಿ ನೆನೆಯುತ್ತಾರೆ. ಒಬ್ಬ ಪಂಡಿತನು ಹೊಟ್ಟೆಗೆ ತಾಮ್ರದ ತಗಡು ಸುತ್ತಿಕೊಂಡು, ತಲೆಯ ಮೇಲೆ ಉರಿಯುವ ಪಂಜನ್ನು ಹೊತ್ತು ತಿರುಗುತ್ತಿದ್ದನಂತೆ. ವಿದ್ಯೆ ತುಂಬಿ ಹೊಟ್ಟೆ ಒಡೆದೀತೆಂದು ತಗಡು. ಅಜ್ಞಾನಿಗಳ ಕತ್ತಲೆಗೆ ಮರುಗಿ ಪಂಜು! ಮಕ್ಕಳಿಗೆ ಪತ್ರ ಬರೆಯಲು ಕುಳಿತ ಹಿರಿಯರೆಲ್ಲರೂ ಈ ತಗಡನ್ನು ಮೊದಲು ಬಿಚ್ಚಿಡುವುದು ಲೇಸು.

ಏಕೆಂದರೆ ಬಹುಪಾಲು ತಂದೆಗಳ ಪತ್ರ ‘ಚಿರಂಜೀವಿ’ ಎಂದು ತೊಡಗಿ, ಎರಡನೆಯ ಸಾಲಿಗೆ ಚೆನ್ನಾಗಿ ಓದು, ಮೂರನೆಯದಕ್ಕೆ ಗುರುಹಿರಿಯರ ಮಾತು ಕೇಳು ಎಂದು ಮುಗಿಯುತ್ತದೆ. ಆ ಪತ್ರವನ್ನು ಯಾವ ಮಗುವಿಗಾದರೂ ಬರೆಯಬಹುದು. ಆದುದರಿಂದ ಅದು ಯಾವ ಮಗುವಿನದೂ ಅಲ್ಲ. ‘ನೀನು ಹುಟ್ಟುವ ರಾತ್ರಿ ಹಳ್ಳ ತುಂಬಿತ್ತು, ನೆರೆಮನೆಯವರ ಟ್ರ್ಯಾಕ್ಟರಿನಲ್ಲಿ ನಿನ್ನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದೆವು, ಅಜ್ಜಿ ದಾರಿಯುದ್ದಕ್ಕೂ ಕೊಡೆ ಹಿಡಿದಿದ್ದಳು’ ಎಂದು ಬರೆದರೆ ಅದು ಒಂದೇ ಮಗುವಿಗೆ ಸಲ್ಲುವ ಮಾತು. ಅದರಲ್ಲಿ ಹೊಗಳಿಕೆಯಿಲ್ಲ, ಬುದ್ಧಿಮಾತಿಲ್ಲ. ಆದರೆ ತನಗಾಗಿ ಎಷ್ಟು ಜನ ನೆನೆದರೆಂಬುದು ಮಗುವಿಗೆ ತಾನೇ ತಿಳಿಯುತ್ತದೆ.

ಬರೆಯಲು ಬಾರದವರ ಗತಿಯೇನು? 2011ರ ಜನಗಣತಿಯಂತೆ ಕರ್ನಾಟಕದ ಏಳು ವರ್ಷ ಮೀರಿದ ಸ್ತ್ರೀಯರಲ್ಲಿ ನೂರಕ್ಕೆ 68 ಮಂದಿ ಮಾತ್ರ ಸಾಕ್ಷರರಾಗಿದ್ದರು. ಅಕ್ಷರ ಬಾರದ ತಾಯಿಗೆ ಪತ್ರವನ್ನು ಕೇಳುವ ಶಾಲೆ, ಅರಿಯದೆಯೇ ಅವಳ ಮಗುವನ್ನು ಗೆಳೆಯರ ನಡುವೆ ತಲೆ ತಗ್ಗಿಸುವಂತೆ ಮಾಡಬಹುದು. ಇದಕ್ಕೆ ಪರಿಹಾರವುಂಟು: ತಾಯಿ ಹೇಳಲಿ, ಉಪಾಧ್ಯಾಯರು ಬರೆದುಕೊಳ್ಳಲಿ. ದುಡಿಮೆಗಾಗಿ ಗೋವೆಗೋ ಮುಂಬಯಿಗೋ ಹೋದ ತಂದೆ ದೂರವಾಣಿಯಲ್ಲಿ ಹೇಳಲಿ. ಸಾಕ್ಷಿ ನುಡಿಯುವವನಿಗೆ ಅಕ್ಷರಜ್ಞಾನ ಬೇಕೆಂಬ ನಿಯಮವಿಲ್ಲ, ಕಂಡಿರಬೇಕು, ಅಷ್ಟೇ. ಹಿಂದಿನ ತಲೆಮಾರಿನ ಎಷ್ಟೋ ಮಂದಿಗೆ ಶಾಲೆಯ ದಾಖಲೆಯಲ್ಲಿ ಜೂನ್ 1 ಎಂಬುದೇ ಜನ್ಮದಿನವಾಗಿತ್ತು. ಶಾಲೆ ತೆರೆಯುವ ಕಾಲಕ್ಕೆ ವಯಸ್ಸು ಕೂಡಿಬರಲೆಂದು ಬರೆದ ತೇದಿ ಅದು. ಆದರೆ ‘ಕಾರಹುಣ್ಣಿಮೆಯ ಮಾರನೆಯ ದಿನ, ಎತ್ತುಗಳ ಕೊಂಬಿನ ಬಣ್ಣ ಇನ್ನೂ ಮಾಸಿರಲಿಲ್ಲ’ ಎಂದು ನಿಜವಾದ ದಿನವನ್ನು ಹೇಳಬಲ್ಲವಳು ಓದುಬರಹ ಬಾರದ ಆ ತಾಯಿಯೇ ಆಗಿದ್ದಳು.

ಹೆತ್ತವರನ್ನು ಕಳೆದುಕೊಂಡ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಜ್ಜಿ, ಸೋದರಮಾವ, ಪ್ರಸಾದನಿಲಯದ ಅಡುಗೆಯವರು, ಮೊದಲ ತರಗತಿಯ ಗುರುಗಳು, ಹೀಗೆ ಆ ಮಗುವನ್ನು ಕಂಡು ಬೆಳೆಸಿದವರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಮುಂಚಿತವಾಗಿ ಹುಡುಕಿ ಬರೆಸುವುದು ಶಾಲೆಯ ಹೊಣೆ. ನಲವತ್ತು ಮಕ್ಕಳ ತರಗತಿಯಲ್ಲಿ ಮೂವತ್ತೊಂಬತ್ತು ಪತ್ರ ಓದಿ ಒಂದನ್ನು ಬಿಡುವುದಕ್ಕಿಂತ, ಒಂದನ್ನೂ ಓದದಿರುವುದೇ ಮೇಲು. ಅಂತೆಯೇ ಮನೆಯ ಕಷ್ಟ, ಕಾಯಿಲೆ, ಕಲಹಗಳು ಪತ್ರದಲ್ಲಿ ಬಂದಿದ್ದರೆ ಆ ಭಾಗವನ್ನು ಓದದೆ, ಪತ್ರವನ್ನು ಮಡಿಸಿ ಮಗುವಿನ ಕೈಗೇ ಕೊಡುವ ವಿವೇಕ ಉಪಾಧ್ಯಾಯರಲ್ಲಿರಬೇಕು.

ಹಂಚಿದ ಸಿಹಿ ಅಂದೇ ಕರಗುತ್ತದೆ; ಹೊಸ ಅಂಗಿ ಮರುವರ್ಷಕ್ಕೆ ಗಿಡ್ಡವಾಗುತ್ತದೆ. ಪತ್ರದ ಸ್ವಭಾವ ಇದಕ್ಕೆ ವಿರುದ್ಧವಾದುದು. ಎಂಟು ವರ್ಷದವನಿಗೆ ಅದು ಕೇವಲ ಸಂತೋಷ. ನಲವತ್ತರ ಪ್ರಾಯದಲ್ಲಿ, ಬರೆದ ಕೈ ಇಲ್ಲವಾದ ಮೇಲೆ, ಅದೇ ಹಾಳೆಯನ್ನು ಬಿಚ್ಚಿದಾಗ ಅದರ ಬೆಲೆ ತಿಳಿಯುತ್ತದೆ. ಮಗುವಿನೊಡನೆ ಬೆಳೆಯುವ ಉಡುಗೊರೆ ಇದೊಂದೇ. ಇದಕ್ಕೆ ತಗಲುವ ವೆಚ್ಚವಾದರೋ ಒಂದು ಹಾಳೆ, ಒಂದು ಸಂಜೆ.